ಕಾರವಾರದಿಂದ ದಿಲ್ಲಿಗೆ ವಿಮಾನದಲ್ಲಿ ಮೀನು ಕಳಿಸೋದು: ಫ್ರೆಶ್ ಕಳಿಸ್ಬೇಕಾ, ಫ್ರೋಜನ್ನಾ?

ಕಡಲಮಗಳು_ಕಾರವಾರ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ. ನಮ್ಮಮ್ಮ, ಮೌಶಿ (ಅಮ್ಮನ ಸೋದರಿ) ಇಬ್ರೂ ಮೂವತ್ತು ವರ್ಷದಿಂದ ಕಾರವಾರ ಮಾರ್ಕೆಟ್ಟಲ್ಲಿ ಮೀನು ಮಾರ್ತಾ ಬಂದವ್ರು. ದಿಲ್ಲಿಯಲ್ಲಿ ನಮ್ಮ ಕಡೆಯವ್ರೇ ಒಬ್ರು ಹೋಟೆಲ್ ಇಟ್ಟಿದ್ದಾರೆ, ವಾರಕ್ಕೆ ಎರಡು ಸಲ 40 ಕೆಜಿ ಕಳಿಸ್ತೀರಾ ಕೇಳಿದ್ರು. ಇಸ್ವಾಣ (ಅಂಜಲ್ ಮೀನು), ಸಿಗಡಿ, ಸಿಕ್ಕಿದ್ರೆ ಪಾಪ್ಲೆಟ್ ಮೀನು. ಅಲ್ಲಿ ಸಿಗೋ ಮೀನಿನ ರುಚಿ ಗಿರಾಕಿಗಳಿಗೆ ಹಿಡಿಸ್ತಾ ಇಲ್ವಂತೆ.

ಮೊದ್ಲು ನೋಡೋಣ ಅಂತ ಹೋದ ತಿಂಗಳು 20 ಕೆಜಿ ಕಳಿಸಿದ್ವಿ. ಎರಡು ಥರ್ಮಾಕೋಲ್ ಡಬ್ಬ, ಕೆಳಗೆ ಮೇಲೆ ಪುಡಿ ಐಸು, ಸುತ್ತ ಟೇಪು. ಗೋವಾದಿಂದ ಒಬ್ಬ ಏಜೆಂಟ್ ಮೂಲಕ. ಒಂದು ಡಬ್ಬ ಅವತ್ತೇ ಸಂಜೆ ಹೋಯ್ತು, ಇನ್ನೊಂದು ಜಾಗ ಇಲ್ಲ ಅಂತ ಅಲ್ಲೇ ಉಳಿದು ಮರುದಿನ ಮಧ್ಯಾಹ್ನ ಹೋಯ್ತು. ಮೊದಲನೇದು ನೀರು ಸೋರಿ ಅಡಿಯೇ ಬಿಚ್ಚಿಕೊಂಡಿತ್ತು. ಎರಡನೇದ್ರ ಫೋಟೋ ಕಳಿಸಿದ್ರು, ಕಿವಿರು ಕಾಫಿ ಬಣ್ಣಕ್ಕೆ ತಿರುಗಿತ್ತು, ಸಿಗಡಿ ತಲೆ ಎಲ್ಲಾ ಕಪ್ಪು. ಅಮ್ಮ ಫೋಟೋ ನೋಡಿ ಮೊಬೈಲ್ ನನ್ನ ಕೈಗೆ ವಾಪಸ್ ಕೊಟ್ರು, ಏನೂ ಮಾತಾಡ್ಲಿಲ್ಲ.

ನಾನು ಕೈ ಬಿಡೋದಿಲ್ಲ. ಆದ್ರೆ ಎಲ್ಲಿ ತಪ್ಪಾಯ್ತು? ಫ್ರೋಜನ್ ಮಾಡಿ ಕಳಿಸಿದ್ರೆ ಸಲೀಸಾ? ಡ್ರೈ ಐಸ್ ಹಾಕ್ಬೇಕಾ? ಗೋವಾ ಬಿಟ್ಟು ಮಂಗಳೂರೋ ಹುಬ್ಬಳ್ಳಿಯೋ ನೋಡ್ಬೇಕಾ? ಗೊತ್ತಿದ್ದವ್ರು ಹೇಳಿ.

ಗೋಕರ್ಣ_ಗಾಳಿ
ಫ್ರೋಜನ್ ಮಾಡಿ ಕಳ್ಸಿ, ತಲೆನೋವೇ ಇಲ್ಲ.

ಬೈತಖೋಲ_ಬೋಟ್
ತಲೆನೋವು ಇಲ್ಲ ಅಂದವ್ರಿಗೆ ಕೇಳ್ತೇನೆ, ಮನೆ ಫ್ರಿಜ್ಜಲ್ಲಿ ಗಟ್ಟಿ ಮಾಡಿದ ಇಸ್ವಾಣ ಕರಗಿಸಿ ತಿಂದಿದ್ದೀರಾ? ತುಂಡು ಹತ್ತಿ ಥರ ಆಗಿರ್ತದೆ, ತಟ್ಟೆ ತುಂಬ ನೀರು. ದಿಲ್ಲಿಯವ್ರು ನಮ್ಮ ಮೀನು ಕೇಳಿದ್ದೇ ರುಚಿಗೆ, ಅದನ್ನೇ ಕೊಂದು ಕಳಿಸಿದ್ರೆ ಎಂತ ಪ್ರಯೋಜನ.

ತಂಗಿ, ನಂದೊಂದು ಪ್ರಶ್ನೆ. ಆ 20 ಕೆಜಿ ಯಾವ ಬೋಟಿಂದು? ಒಂದೇ ದಿನ ಹೋಗಿ ಬಂದ ಬೋಟಿಂದಾ, ಎಂಟು-ಹತ್ತು ದಿನ ಕಡಲಲ್ಲಿದ್ದ ಟ್ರಾಲ್ ಬೋಟಿಂದಾ? ಹತ್ತು ದಿನದ ಬೋಟಲ್ಲಿ ಮೊದಲ ದಿನ ಹಿಡಿದ ಮೀನು ಬಂದರಿಗೆ ಬರುವಾಗಲೇ ಅರ್ಧ ಆಯುಷ್ಯ ಮುಗಿಸಿರ್ತದೆ. ಅದನ್ನ ವಿಮಾನಕ್ಕೆ ಹತ್ತಿಸಿದ್ರೂ ಅಷ್ಟೇ, ರಾಕೆಟ್ಟಿಗೆ ಹತ್ತಿಸಿದ್ರೂ ಅಷ್ಟೇ.

ಕಡಲಮಗಳು_ಕಾರವಾರ
@ಬೈತಖೋಲ_ಬೋಟ್ ಅಣ್ಣ, ಇಸ್ವಾಣ ನಾಡದೋಣಿಯವ್ರದ್ದು, ಬೆಳಿಗ್ಗೆ ಬಂದಿದ್ದೇ. ಸಿಗಡಿ ಮಾತ್ರ ಹರಾಜಲ್ಲಿ ತಗೊಂಡಿದ್ದು, ಎಷ್ಟು ದಿನದ್ದು ಅಂತ ಕೇಳ್ಲಿಲ್ಲ.

ಕಾರ್ಗೋ_ಕುಮಟಾ
ನಾನು ಏಳು ವರ್ಷ ಏರ್‌ಪೋರ್ಟ್ ಕಾರ್ಗೋದಲ್ಲಿ ಕೆಲಸ ಮಾಡಿದವ, ಈಗ ಬಿಟ್ಟು ಊರಿಗೆ ಬಂದಿದ್ದೇನೆ. ಒಂದೊಂದಾಗಿ ಹೇಳ್ತೇನೆ.

ಗೋವಾದಿಂದ ದಿಲ್ಲಿಗೆ ಹಾರೋದು ಬರೀ ಎರಡೂವರೆ ಗಂಟೆ. ಉಳಿದ ಹದಿನೈದು-ಹದಿನಾರು ಗಂಟೆ ನಿಮ್ಮ ಡಬ್ಬ ನೆಲದ ಮೇಲೇ ಇರ್ತದೆ. ಕಾರವಾರದಿಂದ ಗಾಡಿಯಲ್ಲಿ, ಆಮೇಲೆ ಶೆಡ್ಡಲ್ಲಿ, ಎಕ್ಸ್‌ರೇ ಲೈನಲ್ಲಿ, ಆಮೇಲೆ ವಿಮಾನದ ಪಕ್ಕ ಟ್ರಾಲಿ ಮೇಲೆ ಬಿಸಿಲಲ್ಲಿ. ಆ ಟ್ರಾಲಿ ಮೇಲಿನ ನಲವತ್ತು ನಿಮಿಷ ಇದೆಯಲ್ಲ, ಏಪ್ರಿಲ್ ಮಧ್ಯಾಹ್ನ ಕೆಳಗೆ ಡಾಂಬರು ಸುಡ್ತಾ ಇರ್ತದೆ, ಅಲ್ಲೇ ಅರ್ಧ ಐಸು ಹೋಗೋದು. ಆದ್ದರಿಂದ ರಾತ್ರಿ ಇಲ್ಲಾ ಬೆಳಗಿನ ಜಾವದ ಫ್ಲೈಟೇ ಹಿಡೀರಿ, ಮಧ್ಯಾಹ್ನದ್ದು ಬೇಡ.

ಆಫ್‌ಲೋಡ್, ಅಂದ್ರೆ ನಿಮ್ಮ ಎರಡನೇ ಡಬ್ಬ ಹತ್ತಿಸದೆ ಬಿಟ್ಟದ್ದು, ಯಾಕಾಯ್ತು ಅಂದ್ರೆ, ಪ್ಯಾಸೆಂಜರ್ ವಿಮಾನದ ಹೊಟ್ಟೆಯಲ್ಲಿ ಮೊದಲ ಹಕ್ಕು ಪ್ರಯಾಣಿಕರ ಲಗೇಜಿಗೆ. ರಜೆ ಸಮಯ, ಜನ ಜಾಸ್ತಿ, ತೂಕ ಮೀರಿದ್ರೆ ಮೊದಲು ಇಳಿಸೋದು ಕಾರ್ಗೋನೇ. ನಿಮ್ಮ ಏರ್‌ವೇ ಬಿಲ್ (ವಿಮಾನಕ್ಕೆ ಸರಕು ಬುಕ್ ಮಾಡಿದ ಚೀಟಿ) ತೆಗೆದು ನೋಡಿ, ಅದ್ರಲ್ಲಿ ‘ಪಿಇಆರ್’ ಅಂತ ಕೋಡ್ ಇದೆಯಾ? ಬೇಗ ಕೆಡುವ ಸಾಮಾನು ಅಂತ ಅರ್ಥ. ಮೀನಿಗೆ ‘ಪಿಇಎಸ್’ ಅಂತ ಬೇರೆಯೇ ಕೋಡಿದೆ. ಎಷ್ಟೋ ಏಜೆಂಟರು ರೇಟ್ ಕಡಿಮೆ ಅಂತ ಸಾಮಾನ್ಯ ಸರಕಿನಲ್ಲಿ ಬುಕ್ ಮಾಡಿಬಿಡ್ತಾರೆ, ಆಗ ನಿಮ್ಮ ಮೀನಿಗೂ ಪಕ್ಕದ ಗಾರ್ಮೆಂಟ್ ಪೆಟ್ಟಿಗೆಗೂ ವ್ಯತ್ಯಾಸವೇ ಇಲ್ಲ, ಕೋಲ್ಡ್ ರೂಮ್ ಖಾಲಿ ಇದ್ರೂ ಒಳಗೆ ಇಡೋರಿಲ್ಲ.

ಇನ್ನು ಪುಡಿ ಐಸು ಹಾಕಿ ಕಳಿಸಿದ್ದನ್ನ ಅವ್ರು ತಗೊಂಡಿದ್ದೇ ಆಶ್ಚರ್ಯ. ಮೀನಿನ ನೀರಲ್ಲಿ ಉಪ್ಪಿರ್ತದೆ, ವಿಮಾನದ ನೆಲಕ್ಕೆ ಸೋರಿದ್ರೆ ಅಲ್ಯೂಮಿನಿಯಂ ತಿಂದು ಹಾಕ್ತದೆ. ಅದಕ್ಕೇ ಕೆಲವು ಏರ್‌ಲೈನ್‌ಗಳು ಕರಗುವ ಐಸನ್ನ ಮುಟ್ಟೋದೇ ಇಲ್ಲ, ಜೆಲ್ ಪ್ಯಾಕ್ (ತಣ್ಣಗೆ ಮಾಡಿಟ್ಟ ಜೆಲ್ಲಿನ ಸೀಲ್ ಚೀಲ) ಕೇಳ್ತಾರೆ. ಪ್ಯಾಕಿಂಗ್ ಹೀಗಿರ್ಲಿ: ಮೀನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ, ಅದು ಇನ್ನೊಂದು ಚೀಲದಲ್ಲಿ, ನಡುವೆ ನೀರು ಹೀರೋ ಪ್ಯಾಡ್, ಮೇಲೆ ಕೆಳಗೆ ಜೆಲ್ ಪ್ಯಾಕ್, ಆಮೇಲೆ ಥರ್ಮಾಕೋಲ್, ಅದರ ಹೊರಗೆ ರಟ್ಟಿನ ಪೆಟ್ಟಿಗೆ. ಪ್ಯಾಕ್ ಮಾಡಿ ತಲೆಕೆಳಗೆ ಒಂದು ಗಂಟೆ ಇಟ್ಟು ನೋಡಿ. ಒಂದು ಹನಿ ಬಂದ್ರೂ ಕಳಿಸ್ಬೇಡಿ.

ಹೊನ್ನಾವರ_ಹೊಳೆಸಾಲು
ತಲೆಕೆಳಗೆ ಇಟ್ಟು ನೋಡೋದು ಒಳ್ಳೇ ಮಾತು 👌

ಕಾರ್ಗೋ_ಕುಮಟಾ
ಇನ್ನೊಂದು ಮರೆತೆ, ಬಾಡಿಗೆ ಲೆಕ್ಕ. ತೂಕ ನೋಡೋದಲ್ಲದೆ ಡಬ್ಬದ ಗಾತ್ರವನ್ನೂ ನೋಡ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 6000ದಿಂದ ಭಾಗಿಸ್ಬೇಕು, ಕೊರಿಯರ್ ಆದ್ರೆ ಸಾಮಾನ್ಯವಾಗಿ 5000ದಿಂದ. 60×40×40ರ ಡಬ್ಬ ಅಂದ್ರೆ 16 ಕೆಜಿ. ಒಳಗೆ ಮೀನು, ಜೆಲ್ ಎಲ್ಲ ಸೇರಿ 12 ಕೆಜಿ ಇದ್ರೂ ಅವ್ರು ತಗೊಳ್ಳೋದು 16ಕ್ಕೆ. ಡಬ್ಬದಲ್ಲಿ ಖಾಲಿ ಜಾಗ ಬಿಟ್ರೆ ಗಾಳಿಗೂ ದುಡ್ಡು ಕೊಟ್ಟ ಹಾಗೆ.

ಭಟ್ಕಳ_ಟು_ದುಬೈ
ನಾವು ವರ್ಷಕ್ಕೆ ಎರಡು ಸಲ ಮಂಗಳೂರಿಂದ ದುಬೈಗೆ ಹೋಗುವಾಗ ಲಗೇಜಲ್ಲೇ ಮೀನು ತಗೊಂಡು ಹೋಗ್ತೇವೆ. ಎರಡು ದಿನ ಮೊದ್ಲೇ ಮಸಾಲೆ ಹಚ್ಚಿ ಡೀಪ್ ಫ್ರೀಜರಲ್ಲಿ ಕಲ್ಲು ಮಾಡಿ, ಪೇಪರ್ ಸುತ್ತಿ, ಬಟ್ಟೆ ಸುತ್ತಿ, ಸೂಟ್‌ಕೇಸಿನ ನಡುಮಧ್ಯ ಇಡೋದು. ಮನೆಯಲ್ಲಿ ತೆಗೆದ್ರೆ ಇನ್ನೂ ಗಟ್ಟಿಯೇ ಇರ್ತದೆ. ಅಕ್ಕ, ಫ್ರೋಜನ್ನಲ್ಲಿ ಭಯ ಕಡಿಮೆ.

ಮತ್ತೆ ನಮ್ಮೂರ ಮಲ್ಲಿಗೆ ನೋಡಿ, ಬೆಳಿಗ್ಗೆ ಕೊಯ್ದ ಮೊಗ್ಗು ಬಾಳೆ ನಾರಲ್ಲಿ ಕಟ್ಟಿ ಗಲ್ಫ್‌ಗೆ ವಿಮಾನದಲ್ಲೇ ಹೋಗ್ತದೆ. ಹೂವಿಗೆ ಆಗೋದು ಮೀನಿಗೆ ಯಾಕಾಗೋದಿಲ್ಲ?

ಬೈತಖೋಲ_ಬೋಟ್
ಮನೆಯವ್ರು ತಿನ್ನೋಕೆ ತಗೊಂಡು ಹೋಗೋದು ಬೇರೆ, ದುಡ್ಡು ತಗೊಂಡು ಮಾರೋದು ಬೇರೆ ಅಲ್ವಾ.

ಮೀನು_ಮೇಷ್ಟ್ರು
ನಾನು ಮೀನುಗಾರಿಕೆ ವಿಷಯ ಪಾಠ ಮಾಡ್ತೇನೆ. ಫ್ರೆಶ್-ಫ್ರೋಜನ್ ಜಗಳದಲ್ಲಿ ಇಬ್ಬರದ್ದೂ ಅರ್ಧ ಸರಿ.

ಮನೆ ಫ್ರೀಜರಲ್ಲಿ ಮೀನು ನಿಧಾನ ಹೆಪ್ಪುಗಟ್ತದೆ. ನಿಧಾನ ಆದಷ್ಟೂ ಒಳಗಿನ ನೀರು ದೊಡ್ಡ ದೊಡ್ಡ ಹರಳಾಗಿ ಮಾಂಸದ ಜೀವಕೋಶ ಹರಿದು ಹಾಕ್ತದೆ, ಕರಗಿದಾಗ ಆ ನೀರೆಲ್ಲ ಹೊರಗೆ. ಹತ್ತಿ ಥರ ಆಗೋದು ಅದಕ್ಕೆ. ಫ್ಯಾಕ್ಟರಿಯ ಬ್ಲಾಸ್ಟ್ ಫ್ರೀಜರಲ್ಲಿ ಮೈನಸ್ 40ರ ಗಾಳಿ ಬೀಸಿ ಬೇಗ ಗಟ್ಟಿ ಮಾಡ್ತಾರೆ, ಹರಳು ಸಣ್ಣದು, ರುಚಿ ಉಳೀತದೆ. ಆಮೇಲೆ ತಲುಪುವವರೆಗೂ ಮೈನಸ್ 18ರಲ್ಲಿ ಇಡ್ಬೇಕು. ನಡುವೆ ಅರ್ಧ ಕರಗಿ ಮತ್ತೆ ಗಟ್ಟಿಯಾದ್ರೆ ಎರಡೂ ಕಡೆ ನಷ್ಟ. ಹಾಗಾಗಿ ಬ್ಲಾಸ್ಟ್ ಫ್ರೀಜರ್ ಸೌಲಭ್ಯ ಸಿಗದಿದ್ರೆ ಫ್ರೆಶ್ಶೇ ಕಳಿಸಿ, 0ಯಿಂದ 2 ಡಿಗ್ರಿ ಒಳಗೆ.

ನನಗೆ ಹೆಚ್ಚು ಆತಂಕ ಇರೋದು ಬೇರೆ. ಬಂಗುಡೆ, ಟ್ಯೂನಾ, ಇಸ್ವಾಣ ಈ ಜಾತಿಯ ಮೀನು ಬೆಚ್ಚಗೆ ಬಿದ್ದಿದ್ರೆ ಅದ್ರಲ್ಲಿ ಹಿಸ್ಟಮಿನ್ ಅನ್ನೋ ವಿಷ ಹುಟ್ಟುತ್ತದೆ, ತಿಂದವ್ರಿಗೆ ತೊಂದ್ರೆ. ಮುಖ ಕೆಂಪಾಗಿ, ತಲೆ ಸಿಡಿದು, ಮೈಯೆಲ್ಲ ತುರಿಕೆ. ಒಮ್ಮೆ ಹುಟ್ಟಿದ್ದು ಕುದಿಸಿದ್ರೂ ಹುರಿದ್ರೂ ಹೋಗೋದಿಲ್ಲ, ಐಸಲ್ಲಿ ಇಟ್ರೂ ಹೋಗೋದಿಲ್ಲ. ವಾಸನೆಯಲ್ಲಿ ಗೊತ್ತಾಗ್ಲೇಬೇಕು ಅಂತಲೂ ಇಲ್ಲ. ಆದ್ದರಿಂದ ‘ಬಂದರಲ್ಲಿ ಎರಡು ಗಂಟೆ ಬಿಸಿಲಿಗೆ ಇದ್ದಿದ್ದು, ಆಮೇಲೆ ಚೆನ್ನಾಗಿ ಐಸ್ ಹಾಕಿದ್ವಿ’ ಅನ್ನೋ ಮಾತೇ ಇರಬಾರದು. ದೋಣಿ ಮುಟ್ಟಿದ ಕ್ಷಣದಿಂದ ಐಸು. ನಮ್ಮ ಸೆಕೆಗೆ ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸು, ಜಿಪುಣತನ ಮಾಡ್ಬೇಡಿ. ಪೂರ್ತಿ ತಣ್ಣಗಾದ ಮೇಲೆ ಐಸಿಂದ ತೆಗೆದು ಚೀಲಕ್ಕೆ ಹಾಕಿ ಜೆಲ್ ಪ್ಯಾಕ್ ಜೊತೆ ಕಟ್ಟಿ. ಜೆಲ್ ಪ್ಯಾಕ್ ಇರೋದು ತಣ್ಣಗಿರೋದನ್ನ ಕಾಯೋಕೆ, ಬಿಸಿ ಮೀನನ್ನ ತಣ್ಣಗೆ ಮಾಡೋ ಶಕ್ತಿ ಅದಕ್ಕಿಲ್ಲ.

ಸಿಗಡಿಯ ತಲೆ ಕಪ್ಪಾಗೋದು ತಲೆಯಲ್ಲಿರೋ ಕಿಣ್ವದಿಂದ. ತಲೆ ತೆಗೆದೇ ಕಳಿಸಿ.

ಗೋಕರ್ಣ_ಗಾಳಿ
ವ್ಯಾಕ್ಯೂಮ್ ಪ್ಯಾಕ್ ಮಾಡಿದ್ರೆ ಬಾಳಿಕೆ ಹೆಚ್ಚು ಅಂತಾರಲ್ಲ ಮೇಷ್ಟ್ರೇ?

ಮೀನು_ಮೇಷ್ಟ್ರು
ಫ್ರೋಜನ್ನಿಗೆ ಮಾಡಿ, ಒಳ್ಳೇದು. ಫ್ರೆಶ್ಶಿಗೆ ಬೇಡ. ಗಾಳಿ ಇಲ್ಲದ ಜಾಗದಲ್ಲಿ ಬೆಳೆಯೋ ಬೊಟುಲಿನಮ್ ಅನ್ನೋ ಬ್ಯಾಕ್ಟೀರಿಯಾದ ಒಂದು ಜಾತಿ 3-4 ಡಿಗ್ರಿಯಲ್ಲೂ ವಿಷ ಉತ್ಪತ್ತಿ ಮಾಡ್ತದೆ. ದಾರಿಯಲ್ಲಿ ತಂಪು ತಪ್ಪಿತು ಅಂದ್ರೆ ಹೊರಗಿಂದ ನೋಡೋಕೆ ಚೆಂದ ಇರ್ತದೆ, ಒಳಗೆ ಅಪಾಯ.

ಅಂಕೋಲಾ_ಇಶಾಡ
ವಿಷಯ ಸ್ವಲ್ಪ ಬೇರೆ, ಆದ್ರೂ ಕೇಳ್ತೇನೆ. ನಮ್ಮ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಬಂತು. ಸಿಪ್ಪೆ ತೆಳು, ಹಣ್ಣಾದ ಮೇಲೆ ನಾಲ್ಕೈದು ದಿನ ಇಟ್ರೆ ಹೆಚ್ಚು. ಲಾರಿಯಲ್ಲಿ ಬೆಂಗಳೂರಿಗೆ ಹೋಗುವಷ್ಟರಲ್ಲೇ ಕೆಳಗಿನ ಪದರ ಜಜ್ಜಿ ಹೋಗಿರ್ತದೆ. ಇದನ್ನೂ ಮೀನಿನ ಥರ ಐಸ್ ಡಬ್ಬದಲ್ಲಿ ವಿಮಾನಕ್ಕೆ ಹಾಕಬಹುದಾ?

ಶಿರಸಿಯ_ತೋಟದವ
ಐಸ್ ಡಬ್ಬಕ್ಕೆ ಮಾತ್ರ ಹಾಕ್ಬೇಡಿ ಮಾರಾಯ್ರೆ! ಮಾವು 12-13 ಡಿಗ್ರಿಗಿಂತ ಕೆಳಗೆ ಹೋದ್ರೆ ಸಿಪ್ಪೆ ಕಪ್ಪು ಚುಕ್ಕೆ ಬಿದ್ದು, ಆಮೇಲೆ ಹಣ್ಣೇ ಆಗೋದಿಲ್ಲ. ಬಲಿತ ಕಾಯಿ ತೊಟ್ಟು ಸಮೇತ ಕೊಯ್ದು, ಒಂದೇ ಪದರ, ತೂತಿರೋ ರಟ್ಟಿನ ಪೆಟ್ಟಿಗೆ. ಅಮೆರಿಕಕ್ಕೆ ಅಂತಾದ್ರೆ ಇರೇಡಿಯೇಷನ್ (ಕೀಟ ಹೋಗೋಕೆ ವಿಕಿರಣ ಹಾಯಿಸೋದು) ಕಡ್ಡಾಯ, ಅದರ ಘಟಕ ನಮ್ಮ ರಾಜ್ಯದಲ್ಲೇ ಮಾಲೂರಲ್ಲಿ ಇದೆ. ನಮ್ಮ ಅಪ್ಪೆಮಿಡಿಗೆ ಈ ಕಷ್ಟವೇ ಇಲ್ಲ, ಉಪ್ಪಿಗೆ ಹಾಕಿದ್ರೆ ವರ್ಷಗಟ್ಟಲೆ, ಹಡಗಲ್ಲೇ ಹೋಗ್ಲಿ.

ಹೊನ್ನಾವರ_ಹೊಳೆಸಾಲು
ಅಪ್ಪೆಮಿಡಿ ಹೆಸ್ರು ಎತ್ತಿದ್ರಲ್ಲ, ಈಗ ಮೊಸರನ್ನ ಬೇಕು.

ಬೈತಖೋಲ_ಬೋಟ್
ಮೀನಿಗೆ ವಾಪಸ್ ಬನ್ನಿ. ದಾರಿ ಬಗ್ಗೆ ಯಾರೂ ಹೇಳ್ಲಿಲ್ಲ. ಗೋವಾಕ್ಕೆ ಮೀನಿನ ಗಾಡಿ ಹೋಗೋದು ಮೊದಲಿನಷ್ಟು ಸಲೀಸಿಲ್ಲ. 2018ರಲ್ಲಿ ಅಲ್ಲಿ, ಹೊರಗಿಂದ ಬರೋ ಮೀನು ಕೆಡದ ಹಾಗೆ ಫಾರ್ಮಾಲಿನ್ ರಾಸಾಯನಿಕ ಹಾಕ್ತಾರೆ ಅಂತ ಗಲಾಟೆ ಎದ್ದ ಮೇಲೆ ಹೊರಗಿನ ಮೀನಿಗೆ ಇನ್ಸುಲೇಟೆಡ್ ಗಾಡಿ ಬೇಕು, ನೋಂದಣಿ ಬೇಕು ಅಂತ ಹೇಳಿ ನಮ್ಮ ಕಾರವಾರದ ಗಾಡಿಗಳನ್ನ ಗಡಿಯಲ್ಲೇ ತಡೆದಿದ್ರು. ತಪ್ಪು ಮಾಡಿದವ್ರು ಯಾರೋ, ಪೆಟ್ಟು ತಿಂದದ್ದು ಬೆಳಿಗ್ಗೆ ಹಿಡಿದು ಮಧ್ಯಾಹ್ನ ಮಾರೋ ನಾವು. ಏರ್‌ಪೋರ್ಟಿಗೆ ಹೋಗೋ ಸರಕು ಅಂತ ಕಾಗದ, ಎಫ್‌ಎಸ್‌ಎಸ್‌ಎಐ ಅಂದ್ರೆ ಆಹಾರ ಮಾರೋ ಲೈಸೆನ್ಸ್, ಬಿಲ್ಲು ಎಲ್ಲ ಗಾಡಿಯಲ್ಲೇ ಇರ್ಲಿ ತಂಗಿ. ಗೋವಾ ಗಡಿಯ ಪೋಳೆಂ ಚೆಕ್‌ಪೋಸ್ಟಲ್ಲಿ ಒಂದು ಗಂಟೆ ಹೋಯ್ತು ಅಂದ್ರೆ ಫ್ಲೈಟೂ ಹೋಯ್ತು.

ಭಟ್ಕಳ_ಟು_ದುಬೈ
ಹಾಗಾದ್ರೆ ಮಂಗಳೂರೇ ವಾಸಿ ಅಲ್ವಾ, ಗಡಿ ಇಲ್ಲ.

ಕಾರ್ಗೋ_ಕುಮಟಾ
ಭಟ್ಕಳದವ್ರಿಗೆ ಮಂಗಳೂರು ಸರಿ. ಕಾರವಾರದಿಂದ 270 ಕಿಲೋಮೀಟರ್ ಹತ್ತಿರ ಆಗ್ತದೆ, ಐದಾರು ಗಂಟೆ. ಗೋವಾದ ಹಳೇ ಏರ್‌ಪೋರ್ಟ್ ದಾಬೋಲಿಂ ನೂರರ ಒಳಗೆ. ಹೊಸ ಏರ್‌ಪೋರ್ಟ್ ಮೋಪಾ 2023ರ ಜನವರಿಯಲ್ಲಿ ಶುರುವಾಯ್ತು, ಆದ್ರೆ ಅದು ಗೋವಾದ ಆ ತುದಿ. ಹುಬ್ಬಳ್ಳಿ ಶಿರಸಿ-ಯಲ್ಲಾಪುರದವ್ರಿಗೆ ಹತ್ತಿರ, ಕಾರವಾರದಿಂದಾದ್ರೆ ಘಟ್ಟ ಹತ್ತಬೇಕು. ವಿದೇಶಕ್ಕೆ ದೊಡ್ಡ ಪ್ರಮಾಣದಲ್ಲಿ ಅಂತಾದ್ರೆ ಬೆಂಗಳೂರು ಬಿಟ್ರೆ ಬೇರೆ ಯೋಚನೆ ಬೇಡ, ಬೇಗ ಕೆಡೋ ಸಾಮಾನಿಗೇ ಅಂತ ಅಲ್ಲಿ ಪ್ರತ್ಯೇಕ ಕೋಲ್ಡ್ ಸೆಂಟರಿದೆ.

ಹೊನ್ನಾವರ_ಹೊಳೆಸಾಲು
ರೈಲು ಯಾಕೆ ಬೇಡ? ಮಂಗಳಾ ಎಕ್ಸ್‌ಪ್ರೆಸ್ ಸೀದಾ ದಿಲ್ಲಿಯ ನಿಜಾಮುದ್ದೀನ್ ಸ್ಟೇಷನ್ನಿಗೇ ಹೋಗ್ತದಲ್ಲ. ಅಗ್ಗ.

ಕಾರ್ಗೋ_ಕುಮಟಾ
ಅಗ್ಗ ಹೌದು, ಆದ್ರೆ ಎರಡು ರಾತ್ರಿ ಹತ್ತಿರ ಆಗ್ತದೆ. ಚೆನ್ನಾಗಿ ಐಸ್ ಹಾಕಿದ ಗಟ್ಟಿ ಮೀನು ತಡೀತದೆ, ಸಿಗಡಿ ತಡೆಯೋದಿಲ್ಲ.

ಅಂಕೋಲಾ_ಇಶಾಡ
ಡ್ರೈ ಐಸ್ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ. ನನ್ನ ಭಾವ ಮಡಗಾಂವದಿಂದ ಹತ್ತು ಕೆಜಿ ತಂದಿದ್ದ, ಮನೆ ಕಾರ್ಯಕ್ರಮಕ್ಕೆ ಐಸ್‌ಕ್ರೀಮ್ ಇಡೋಕೆ. ಕಾರಿನ ಹಿಂದಿನ ಸೀಟಲ್ಲಿ ಇಟ್ಟು, ಕಿಟಕಿ ಮುಚ್ಚಿ ಏಸಿ ಹಾಕ್ಕೊಂಡು ಬಂದ. ಕಾಣಕೋಣ ದಾಟುವಷ್ಟರಲ್ಲಿ ತಲೆ ಭಾರ, ಉಸಿರು ಏರಿ ಏರಿ ಬರ್ತಾ ಇತ್ತಂತೆ. ಊಟ ಮಾಡದ್ದಕ್ಕೆ ಹೀಗೆ ಅಂದ್ಕೊಂಡ. ಪುಣ್ಯಕ್ಕೆ ಅಕ್ಕ ವಾಂತಿ ಬರ್ತದೆ ಅಂತ ಕಿಟಕಿ ಇಳಿಸಿದ್ಳು, ಎರಡು ನಿಮಿಷಕ್ಕೆ ಇಬ್ರೂ ಸರಿ ಆದ್ರು. ನೆನೆಸಿಕೊಂಡ್ರೆ ಈಗ್ಲೂ ಕೈ ತಣ್ಣಗಾಗ್ತದೆ ನಂಗೆ.

ಕಾರ್ಗೋ_ಕುಮಟಾ
ಅಬ್ಬಾ, ದೇವ್ರು ದೊಡ್ಡವ. ಡ್ರೈ ಐಸ್ ಅಂದ್ರೆ ಗಟ್ಟಿ ಮಾಡಿದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ, ನೀರಾಗದೆ ಸೀದಾ ಗಾಳಿ ಆಗ್ತದೆ. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿಸ್ತದೆ. ಅದಕ್ಕೇ ವಿಮಾನದ ನಿಯಮದಲ್ಲಿ ಅದು ಅಪಾಯಕಾರಿ ವಸ್ತು, 9ನೇ ವರ್ಗ, ಅದರ ಗುರುತಿನ ನಂಬರ್ ಯುಎನ್ 1845. ಡಬ್ಬದ ಮೇಲೆ ಲೇಬಲ್ ಇರ್ಬೇಕು, ಎಷ್ಟು ಕೆಜಿ ಡ್ರೈ ಐಸ್ ಅಂತ ಬರೆದಿರ್ಬೇಕು, ಗಾಳಿ ಹೊರಗೆ ಹೋಗೋ ದಾರಿ ಇರ್ಬೇಕು. ಸುತ್ತ ಟೇಪ್ ಬಿಗಿದು ಸೀಲ್ ಮಾಡಿದ್ರೆ ಡಬ್ಬ ಸಿಡೀತದೆ. ಪ್ರಯಾಣಿಕರ ಲಗೇಜಲ್ಲಿ ಒಬ್ಬರಿಗೆ 2.5 ಕೆಜಿ ಮಾತ್ರ, ಅದೂ ಏರ್‌ಲೈನ್ ಒಪ್ಪಿದ್ರೆ. ಹೇಳದೆ ಕದ್ದು ಹಾಕೋರಿದ್ದಾರೆ, ಕೈ ಮುಗಿದು ಹೇಳ್ತೇನೆ, ಮಾಡ್ಬೇಡಿ. ವಿಮಾನದ ಅದೇ ಹೊಟ್ಟೆಯಲ್ಲಿ ಯಾರದ್ದೋ ನಾಯಿ ಬೆಕ್ಕು ಇರ್ತದೆ.

ಮೀನು_ಮೇಷ್ಟ್ರು
ಫ್ರೋಜನ್ನಿಗೆ ಮಾತ್ರ ಡ್ರೈ ಐಸ್. ಫ್ರೆಶ್ ಮೀನಿಗೆ ತಾಗಿದ್ರೆ ತಾಗಿದ ಕಡೆ ಸುಟ್ಟ ಹಾಗೆ ಗಟ್ಟಿಯಾಗ್ತದೆ. ಜೀವಂತ ಏಡಿಯ ಡಬ್ಬಕ್ಕಂತೂ ಹಾಕ್ಲೇಬಾರ್ದು.

ಶಿರಸಿಯ_ತೋಟದವ
ನಾನು ಮೀನು ತಿನ್ನೋನಲ್ಲ, ಆದ್ರೆ ಒಂದು ಓದಿದ್ದು ನೆನಪಾಯ್ತು. 1972ರಲ್ಲಿ ಕೆನಡಾದ ಟ್ಯೂನಾ ಮೀನನ್ನ ಜಪಾನಿಗೆ ವಿಮಾನದಲ್ಲಿ ತಂದ್ರು. ಯಾಕಂದ್ರೆ ಜಪಾನಿಂದ ಅಮೆರಿಕದ ಕಡೆಗೆ ಎಲೆಕ್ಟ್ರಾನಿಕ್ಸ್ ತುಂಬಿಕೊಂಡು ಹೋಗೋ ವಿಮಾನ ವಾಪಸ್ ಬರುವಾಗ ಖಾಲಿ. ಖಾಲಿ ಬರೋದಕ್ಕೆ ಏನು ತುಂಬೋಣ ಅಂತ ಹುಡುಕಿದಾಗ ಸಿಕ್ಕಿದ್ದು ಮೀನು. ಕೆನಡಾದವ್ರಿಗೆ ಆ ಮೀನು ಬೇಡವೇ ಆಗಿತ್ತು. ನೀವೂ ಯಾವ ಫ್ಲೈಟ್ ಯಾವ ದಿನ ಖಾಲಿ ಹೋಗ್ತದೆ ಅಂತ ಏಜೆಂಟ್ ಹತ್ರ ಕೇಳಿ, ಆ ದಿನಕ್ಕೆ ಹೋಟೆಲಿನವ್ರನ್ನ ಒಪ್ಪಿಸಿ.

ಹೊನ್ನಾವರ_ಹೊಳೆಸಾಲು
ಎಲ್ರೂ ಕಳಿಸೋದ್ರ ಬಗ್ಗೆಯೇ ಹೇಳ್ತಿದ್ದೀರಿ. ನಂಗೆ ಬೇಜಾರಿನ ವಿಷಯ ಒಂದಿದೆ. ಒಳ್ಳೇ ಪಾಪ್ಲೆಟ್ ಬಂದ್ರೆ ಬಂದರಲ್ಲೇ ಹೊರಗಿನ ಏಜೆಂಟರು ಎತ್ಕೊಂಡು ಹೋಗ್ತಾರೆ. ಊರಿನ ಬಡವರ ತಟ್ಟೆಗೆ ತಾರ್ಲೆ (ಬೂತಾಯಿ) ಮಾತ್ರ, ಅದೂ ಈಗ ತುಟ್ಟಿ. ಇನ್ನು ವಿಮಾನವೂ ಬಂದ್ರೆ?

ಬೈತಖೋಲ_ಬೋಟ್
ಡೀಸೆಲ್ ರೇಟಿಗೆ ಯಾರು ಹೊಣೆ? ದರ ಸಿಗ್ಲಿಲ್ಲ ಅಂದ್ರೆ ಬೋಟು ಕಟ್ಟಿ ಹಾಕೋದೇ. ಜೂನ್, ಜುಲೈ 61 ದಿನ ಮೀನುಗಾರಿಕೆ ನಿಷೇಧ, ಬೋಟು ಹೇಗೂ ಬಂದ್, ಆಗ ಮನೆ ನಡೆಸೋದು ಉಳಿದ ಹತ್ತು ತಿಂಗಳ ದುಡ್ಡಲ್ಲಿ.

ಹೊನ್ನಾವರ_ಹೊಳೆಸಾಲು
ನಿಮ್ಮ ಕಷ್ಟ ಇಲ್ಲ ಅನ್ನೋದಿಲ್ಲ ಅಣ್ಣ. ಆ ಹೆಚ್ಚಿನ ದುಡ್ಡು ನಿಮಗೆ ಬಂದ್ರೆ ನಂಗೆ ಸಂತೋಷವೇ. ಬರೋದು ನಡುವಿನವ್ರಿಗೆ, ಅದಕ್ಕೆ ಹೇಳಿದೆ. ಈ ತಂಗಿ ಮನೆಯವ್ರೇ ಸೀದಾ ಕಳಿಸ್ತಾರೆ ಅಂದ್ರೆ ನನ್ನ ತಕರಾರಿಲ್ಲ.

ಕಡಲಮಗಳು_ಕಾರವಾರ
ಎರಡು ವಾರ ಆಯ್ತು, ನಿನ್ನೆ ಮತ್ತೆ ಕಳಿಸಿದ್ವಿ. ಬರೀ 12 ಕೆಜಿ. ಏರ್‌ವೇ ಬಿಲ್ ಹಳೇದು ತೆಗೆದು ನೋಡಿದೆ, ಕಾರ್ಗೋ ಅಣ್ಣ ಹೇಳಿದ ಹಾಗೇ, ಕೋಡೇ ಇರ್ಲಿಲ್ಲ. ಈ ಸಲ ಏಜೆಂಟ್ ಬದಲು ಮಾಡಿದೆ, ಪಿಇಆರ್ ಹಾಕಿಸಿದೆ, ರಾತ್ರಿ ಫ್ಲೈಟ್.

ಮೌಶಿ ಬೆಳಿಗ್ಗೆ ಐದಕ್ಕೇ ಐಸ್ ತುಂಬಿದ ಡ್ರಮ್ ಇಟ್ಕೊಂಡು ದೋಣಿ ಹತ್ರ ಕೂತಿದ್ರು. ಮೀನು ಮರಳು ಮುಟ್ಟೋಕೆ ಬಿಡ್ಲಿಲ್ಲ, ಬಲೆಯಿಂದ ಸೀದಾ ಡ್ರಮ್ಮಿಗೆ. ಸಿಗಡಿ ತಲೆ ಅಮ್ಮನೇ ತೆಗೆದ್ರು, ಕೈ ಮರಗಟ್ಟಿದಾಗೆಲ್ಲ ಬೆಚ್ಚನೆ ನೀರಲ್ಲಿ ಅದ್ದಿ ಅದ್ದಿ. ಡಬ್ಬ ತಲೆಕೆಳಗೆ ಇಟ್ಟು ನೋಡಿದ್ವಿ, ಮೊದಲನೇ ಸಲ ಮೂಲೆಯಲ್ಲಿ ಸೋರಿತು, ಮತ್ತೆ ಬಿಚ್ಚಿ ಚೀಲ ಬದಲಿಸಿದ್ವಿ. ಒಳಗೆ ಉಷ್ಣತೆ ಬರ್ಕೊಳ್ಳೋ ಸಣ್ಣ ಮೀಟರ್ ಒಂದು ಇಟ್ಟಿದ್ದೆ. ಹೋಟೆಲಿನವ್ರು ಇವತ್ತು ಅದರ ಗ್ರಾಫ್ ಕಳಿಸಿದ್ರು. ಮನೆಯಿಂದ ಹೊರಟಾಗ 1 ಡಿಗ್ರಿ, ಶೆಡ್ಡಲ್ಲಿ 2, ಹಾರುವಾಗ 2. ಏರಿದ್ದು ಎಲ್ಲಿ ಗೊತ್ತಾ? ದಿಲ್ಲಿಯಲ್ಲಿ ಇಳಿದ ಮೇಲೆ, ಬೆಳಿಗ್ಗೆ ಡಬ್ಬ ಬಿಡಿಸ್ಕೊಳ್ಳೋಕೆ ಅವ್ರ ಹುಡುಗ ತಡವಾಗಿ ಹೋಗಿದ್ದಕ್ಕೆ, 6ರವರೆಗೆ.

ಕಿವಿರು ಕೆಂಪಿದೆ. ಫೋಟೋ ಅಮ್ಮಂಗೆ ತೋರಿಸಿದೆ, ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ರು.

ಮೀನು_ಮೇಷ್ಟ್ರು
ಬಹಳ ಸಂತೋಷ ಆಯ್ತು ಮಗಳೇ. ಆ 6 ಡಿಗ್ರಿ ಎಷ್ಟು ಹೊತ್ತು ಇತ್ತು? ಒಂದು ಗಂಟೆ ಒಳಗಾದ್ರೆ ಪರವಾಗಿಲ್ಲ.

ಕಡಲಮಗಳು_ಕಾರವಾರ
ಐವತ್ತು ನಿಮಿಷ ಮೇಷ್ಟ್ರೇ.

ಕಾರ್ಗೋ_ಕುಮಟಾ
ಮುಂದಿನ ಸಲ ವಿಮಾನ ಹೊರಟ ಕೂಡ್ಲೇ ಏರ್‌ವೇ ಬಿಲ್ ನಂಬರ್ ಆ ಹುಡುಗನಿಗೇ ಸೀದಾ ಕಳಿಸಿ, ಹೋಟೆಲ್ ಯಜಮಾನರಿಗೆ ಅಲ್ಲ. ಇಳಿಯುವ ಅರ್ಧ ಗಂಟೆ ಮೊದಲೇ ಅವ ಕೌಂಟರ್ ಹತ್ರ ಇರ್ಬೇಕು.

ಬೈತಖೋಲ_ಬೋಟ್
ಗುರುವಾರ ನಮ್ಮ ದೋಣಿ ಹೋಗ್ತದೆ. ಮೌಶಿಗೆ ಹೇಳು, ಡ್ರಮ್ಮು ತಗೊಂಡು ಬರ್ಲಿ, ಐಸು ನಾನು ಇಟ್ಟಿರ್ತೇನೆ.